ಗುರುಗುಟ್ಟುವುದೂ ಒಂದು ಮಾತು

(ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ವಾಚನಾಲಯವೊಂದರಲ್ಲಿ ಸಾಕುನಾಯಿಗಳ ನಡವಳಿಕೆಯ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಷ್ಟು ಮಂದಿ ಬರುತ್ತೀರಿ ಎಂದು ನಾನು ಎಣಿಸಿರಲಿಲ್ಲ. ಅಡಿಕೆ ಕೊಯ್ಲಿನ ದಿನಗಳಲ್ಲಿ ಸಂಜೆಯ ಎರಡು ಗಂಟೆ ಬಿಡುವು ಮಾಡಿಕೊಳ್ಳುವುದು ಸುಲಭವಲ್ಲ ಎಂದು ನನಗೆ ಗೊತ್ತು.

30 ವರ್ಷ ಈ ಭಾಗದ ದನದ ಹಟ್ಟಿಗಳಿಗೆ ಹೋಗಿ ಹಸುಗಳಿಗೆ ಮದ್ದು ಕೊಟ್ಟವಳು ನಾನು. ಹಟ್ಟಿಗೆ ಹೋಗುವ ದಾರಿಯಲ್ಲಿ ಹೆಚ್ಚಿನ ಮನೆಗಳಲ್ಲಿ ಒಂದು ನಾಯಿಯನ್ನು ಕಟ್ಟಿರುತ್ತಾರೆ. ನಾಯಿಯನ್ನು ನೋಡುವ ಮೊದಲು ನಾನು ಅದು ನಿಂತ ನೆಲವನ್ನು ನೋಡುತ್ತೇನೆ. ಕಂಬದ ಸುತ್ತ, ಸರಪಳಿ ಎಷ್ಟು ಉದ್ದವಿದೆಯೋ ಅಷ್ಟಕ್ಕೆ ಸರಿಯಾಗಿ ಒಂದು ವೃತ್ತ ಬಿದ್ದಿರುತ್ತದೆ. ಅದರೊಳಗೆ ಒಂದು ಎಸಳು ಹುಲ್ಲಿರುವುದಿಲ್ಲ. ಕೆಂಪು ಮಣ್ಣು ಸವೆದು ಸವೆದು ಸಾರಿಸಿದ ಅಂಗಳದಂತೆ ನುಣುಪಾಗಿರುತ್ತದೆ. ಗೆರೆಯ ಆಚೆಗೆ ಗರಿಕೆ ಹಸಿರಾಗಿರುತ್ತದೆ. ಆ ಗೆರೆ ಎದ್ದು ಕಂಡಷ್ಟೂ ನಾನು ಹೆಚ್ಚು ಜಾಗ್ರತೆಯಿಂದ ಹೆಜ್ಜೆ ಇಡುತ್ತೇನೆ.

ಇಂತಹ ಮನೆಗಳಿಂದಲೇ ನನಗೆ ಫೋನ್ ಬರುತ್ತದೆ. "ಡಾಕ್ಟರೇ, ಇದು ಯಾರನ್ನೂ ಹತ್ತಿರ ಬಿಡುವುದಿಲ್ಲ. ಕೆಲಸದವರು ಬರುವುದಿಲ್ಲ ಎನ್ನುತ್ತಿದ್ದಾರೆ. ಒಂದು ಇಂಜೆಕ್ಷನ್ ಕೊಟ್ಟು ಮುಗಿಸಿಬಿಡಿ." ಹೇಳುವವರ ದನಿಯಲ್ಲಿ ಕ್ರೌರ್ಯವಿರುವುದಿಲ್ಲ, ದಣಿವಿರುತ್ತದೆ. ನಾಯಿಗೆ ಪ್ರತಿದಿನ ತಪ್ಪದೆ ಅನ್ನ ಹಾಕುವವರೂ ಅವರೇ. ಅವರಿಗೆ ಬಯ್ಯಲು ನಾನು ಇಲ್ಲಿಗೆ ಬಂದಿಲ್ಲ. ಅವರ ತಪ್ಪಿಗಿಂತ ದೊಡ್ಡ ತಪ್ಪನ್ನು ನಾನೇ ಮಾಡಿದ್ದೇನೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಮನೆಯಲ್ಲಿ ಬೊಳ್ಳು ಎಂಬ ನಾಯಿ ಇತ್ತು. ಮೈಯೆಲ್ಲ ಬಿಳಿ, ಒಂದು ಕಿವಿ ಮಾತ್ರ ಕಂದು. ಅಡಿಕೆ ಹಾಳೆಯಲ್ಲಿ ಅನ್ನ ಹಾಕಿದಾಗ ಯಾರಾದರೂ ಸಮೀಪಕ್ಕೆ ಹೋದರೆ ತಲೆ ಎತ್ತದೆಯೇ ಗಂಟಲಿನಲ್ಲಿ ಗುರುಗುಟ್ಟುತ್ತಿತ್ತು. ಮಕ್ಕಳಿರುವ ಮನೆಯಲ್ಲಿ ಇದು ಬೇಡ ಎಂದುಕೊಂಡು, ಗುರುಗುಟ್ಟಿದಾಗಲೆಲ್ಲ ಸುತ್ತಿದ ಪತ್ರಿಕೆಯಿಂದ ಅದರ ಮೂತಿಗೆ ಹೊಡೆದೆ. ಒಂದು ವಾರದಲ್ಲಿ ಗುರುಗುಟ್ಟುವುದು ನಿಂತಿತು. ಪಶುವೈದ್ಯೆಯಾಗಿ ಒಂದು ನಾಯಿಯನ್ನು ತಿದ್ದಿದೆ ಎಂದು ನನಗೆ ಹೆಮ್ಮೆಯಾಗಿತ್ತು.

ಮರುವರ್ಷದ ವಿಷುವಿನ ದಿನ ಅಣ್ಣನ ಮಗಳು ಬಂದಿದ್ದಳು. ಐದು ವರ್ಷದ ಹುಡುಗಿ. ಉರುಳಿ ಹೋದ ಚೆಂಡನ್ನು ಹೆಕ್ಕಲು ಬೊಳ್ಳುವಿನ ಹಾಳೆಯ ಪಕ್ಕದಲ್ಲಿ ಬಗ್ಗಿದಳು. ನಾನು ಜಗಲಿಯಲ್ಲಿ ನಿಂತು ನೋಡುತ್ತಲೇ ಇದ್ದೆ. ಬೊಳ್ಳು ತಿನ್ನುವುದನ್ನು ನಿಲ್ಲಿಸಿತು. ಅದರ ಮೈ ಕಲ್ಲಿನಂತಾಯಿತು. ದನಿ ಬರಲಿಲ್ಲ. ಮುಂದಿನ ಕ್ಷಣ ಮಗುವಿನ ಮುಂಗೈ ಅದರ ಬಾಯಲ್ಲಿತ್ತು. ಏಳು ಹೊಲಿಗೆ ಬಿತ್ತು. ಆ ಹುಡುಗಿಗೆ ಈಗ ಮದುವೆಯಾಗಿದೆ. ಗುರುತು ಇನ್ನೂ ಇದೆ.

ಅಂದು ಬೊಳ್ಳು ಎಚ್ಚರಿಕೆ ಕೊಡದೆ ಕಚ್ಚಿತು ಎಂದು ಎಲ್ಲರೂ ಹೇಳಿದರು. ಅದು ವರ್ಷದ ಹಿಂದೆಯೇ ಎಚ್ಚರಿಕೆ ಕೊಡುತ್ತಿತ್ತು, ಕೊಟ್ಟದ್ದಕ್ಕೆ ನನ್ನಿಂದ ಪೆಟ್ಟು ತಿಂದಿತ್ತು. ಊಟವನ್ನು ಯಾರೋ ಕಿತ್ತುಕೊಳ್ಳುತ್ತಾರೆ ಎಂಬ ಭಯ ಅದರಲ್ಲಿ ಹಾಗೆಯೇ ಉಳಿದಿತ್ತು. ಆ ಭಯವನ್ನು ಹೇಳಿಕೊಳ್ಳುವ ದನಿಯನ್ನು ಮಾತ್ರ ನಾನು ಕಿತ್ತುಕೊಂಡಿದ್ದೆ. ಇವತ್ತು ನೀವು ಒಂದೇ ಒಂದು ಮಾತನ್ನು ಮನೆಗೆ ಒಯ್ಯುವುದಾದರೆ ಇದನ್ನು ಒಯ್ಯಿರಿ: ಗುರುಗುಟ್ಟಿದ್ದಕ್ಕೆ ನಾಯಿಯನ್ನು ಹೊಡೆಯಬೇಡಿ, ಗದರಿಸಬೇಡಿ. ಅದು ಗುರುಗುಟ್ಟಿದಾಗ ಒಂದು ಹೆಜ್ಜೆ ಹಿಂದೆ ಸರಿಯಿರಿ, ಮಗುವನ್ನು ಕರೆದುಕೊಳ್ಳಿರಿ, ಆಮೇಲೆ ಕಾರಣ ಹುಡುಕಿರಿ.

ಗುರುಗುಟ್ಟುವುದಕ್ಕೂ ಮೊದಲು ನಾಯಿ ಬೇರೆ ರೀತಿಯಲ್ಲಿ ಹೇಳಿರುತ್ತದೆ. ನಿದ್ದೆ ಬಾರದಿದ್ದರೂ ಆಕಳಿಸುತ್ತದೆ. ಎದುರಿಗೆ ತಿಂಡಿ ಇಲ್ಲದಿದ್ದರೂ ನಾಲಗೆಯಿಂದ ಮೂಗು ಸವರಿಕೊಳ್ಳುತ್ತದೆ. ಮುಖ ಆಚೆ ತಿರುಗಿಸುತ್ತದೆ, ಆದರೆ ಕಣ್ಣು ನಿಮ್ಮ ಮೇಲೆಯೇ ಇರುವುದರಿಂದ ಕಣ್ಣಿನ ಬಿಳಿ ಭಾಗ ಅರ್ಧಚಂದ್ರದಂತೆ ಕಾಣುತ್ತದೆ. ಬಾಲ ಅಲ್ಲಾಡಿಸಿತು, ಸ್ನೇಹದಲ್ಲಿದೆ ಎಂದು ನಂಬಬೇಡಿ. ಮೈಯೆಲ್ಲ ಸಡಿಲವಾಗಿ ಸೊಂಟದ ಸಮೇತ ಅಲ್ಲಾಡಿದರೆ ಅದು ಸ್ನೇಹ. ನೆಟ್ಟಗೆ ಮೇಲೆತ್ತಿದ ಬಾಲದ ತುದಿ ಮಾತ್ರ ಬಿರುಸಾಗಿ ನಡುಗುತ್ತಿದ್ದರೆ ಅಲ್ಲಿಂದ ದೂರ ಸರಿಯುವುದು ಒಳ್ಳೆಯದು. ಎಲ್ಲಕ್ಕಿಂತ ಕೆಟ್ಟದ್ದು, ಚಲಿಸುತ್ತಿದ್ದ ನಾಯಿ ಒಮ್ಮೆಲೇ ಅಲುಗಾಡದೆ ನಿಲ್ಲುವುದು. ಬೊಳ್ಳು ಹಾಗೆ ನಿಂತಿತ್ತು. ಆ ದಿನ ಅದನ್ನು ಓದಲು ನನಗೆ ಬರುತ್ತಿರಲಿಲ್ಲ.

ಮೊಬೈಲ್‌ನಲ್ಲಿ ನೋಡಿ ಕಲಿತವರು ಇನ್ನೊಂದು ಮಾತು ಹೇಳುತ್ತಾರೆ. ನಾಯಿ ತೋಳದ ವಂಶ, ಅದಕ್ಕೆ ಒಬ್ಬ ಸರದಾರ ಬೇಕು, ನೀವೇ ಸರದಾರ ಎಂದು ತೋರಿಸಬೇಕು, ಅಂಗಾತ ಮಲಗಿಸಿ ಒತ್ತಿ ಹಿಡಿಯಬೇಕು ಎಂದು. ಈ ಮಾತಿನ ಬೇರು ಎಲ್ಲಿದೆ ಎಂದು ತಿಳಿದರೆ ನೀವು ಅದನ್ನು ಬಿಟ್ಟುಬಿಡುತ್ತೀರಿ. ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ 1947ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ನೋಡಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮೃಗಾಲಯದಲ್ಲಿ ಬೇಲಿಯೊಳಗೆ ಕೂಡಿಹಾಕಿದ್ದ ತೋಳಗಳನ್ನು. ಅಮೆರಿಕದ ಡೇವಿಡ್ ಮೆಕ್ 1970ರಲ್ಲಿ ಬರೆದ ಪುಸ್ತಕದಿಂದ ಆ ವಿಚಾರ ಊರೂರಿಗೆ ಹಬ್ಬಿತು. ಅದೇ ಮೆಕ್ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಕಾಡಿನ ತೋಳಗಳನ್ನು ಬೇಸಿಗೆಯಿಂದ ಬೇಸಿಗೆಗೆ ನೋಡಿದ ಮೇಲೆ, 1999ರಲ್ಲಿ ಬೇರೆಯೇ ಬರೆದರು. ಕಾಡಿನ ತೋಳದ ಗುಂಪು ಎಂದರೆ ಸಾಮಾನ್ಯವಾಗಿ ತಂದೆ, ತಾಯಿ, ಅವುಗಳ ಮಕ್ಕಳು. ನಮ್ಮ ನಿಮ್ಮ ಮನೆಯ ಹಾಗೆ ಒಂದು ಸಂಸಾರ. ತಾನೇ ಹರಡಿದ ಮಾತನ್ನು ತಾನೇ ತಿದ್ದಿಕೊಂಡ ಆ ಹಿರಿಯರ ಮೇಲೆ ನನಗೆ ಬಹಳ ಗೌರವ. ನಾಯಿಯನ್ನು ಅಂಗಾತ ಒತ್ತಿ ಹಿಡಿಯುವವರು ಮಾತ್ರ ಇನ್ನೂ ತಿದ್ದಿಕೊಂಡಿಲ್ಲ.

ಇನ್ನು ಟೈಗರನ ವಿಷಯಕ್ಕೆ ಬರುತ್ತೇನೆ. ಪೆರ್ಲ ಕಡೆಯ ಒಂದು ತೋಟದ ಮನೆ. ಎರಡು ವರ್ಷದ ಊರ ನಾಯಿ. ಅಡಿಕೆ ಕೊಯ್ಯಲು ಬಂದವರ ಕಾಲಿನ ಮೀನಖಂಡಕ್ಕೆ ಬಾಯಿ ಹಾಕಿತ್ತು. ಅಲ್ಲಿಂದಲೂ "ಮುಗಿಸಿಬಿಡಿ" ಎಂದೇ ಫೋನ್ ಬಂತು. ಹೋದೆ. ಮೊದಲು ಮೈ ಪರೀಕ್ಷಿಸಬೇಕು. ಇದನ್ನು ಯಾರೂ ಬಿಡಬಾರದು. ಕಿವಿಯೊಳಗೆ ಕೀವಾದ ನಾಯಿ ತಲೆ ಮುಟ್ಟಿದರೆ ಕಚ್ಚದೆ ಇನ್ನೇನು ಮಾಡುತ್ತದೆ? ನಮ್ಮ ಮಳೆಗಾಲದಲ್ಲಿ ಕಿವಿಯ ಸೋಂಕು, ಉಣ್ಣಿಯಿಂದ ಬರುವ ಜ್ವರ, ಹಲ್ಲು ನೋವು, ಮುದಿ ನಾಯಿಯ ಸೊಂಟ ನೋವು ಇವೆಲ್ಲ ಸಿಟ್ಟಿನ ರೂಪದಲ್ಲಿ ಹೊರಗೆ ಬರುತ್ತವೆ. ನಿನ್ನೆಯವರೆಗೆ ಸರಿಯಿದ್ದ ನಾಯಿ ಇವತ್ತು ಬೇರೆಯೇ ಆಗಿದ್ದರೆ, ದನಿ ಬದಲಾಗಿದ್ದರೆ, ಜೊಲ್ಲು ಸುರಿಯುತ್ತಿದ್ದರೆ, ಕಲ್ಲು ಕಟ್ಟಿಗೆಯನ್ನೆಲ್ಲ ಕಚ್ಚುತ್ತಿದ್ದರೆ ಅದು ತರಬೇತಿಯ ವಿಷಯವೇ ಅಲ್ಲ. ರೇಬೀಸ್ ಇರಬಹುದು ಎಂದು ತಿಳಿದು ದೂರವಿರಿ, ವೈದ್ಯರಿಗೆ ತಿಳಿಸಿರಿ. ಯಾವ ನಾಯಿ ಕಚ್ಚಿದರೂ, ಮನೆಯದ್ದಾದರೂ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಗಾಯಕ್ಕೆ ಅರಶಿನ ಮೆತ್ತಿ ಮನೆಯಲ್ಲಿ ಕುಳಿತವರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಟೈಗರನ ಮೈಯಲ್ಲಿ ರೋಗವಿರಲಿಲ್ಲ. ಕಚ್ಚಿಸಿಕೊಂಡವರೇ ಅಂದು ಅಲ್ಲಿಗೆ ಬಂದಿದ್ದರು. ಅವರ ಮನೆಯಲ್ಲೂ ನಾಯಿ ಇದೆಯಂತೆ, ಹಾಗಾಗಿ ಕೋಪವಿರಲಿಲ್ಲ. ಅಂಗಳದ ಆ ತುದಿಯಲ್ಲಿ ಸುಮ್ಮನೆ ನಡೆದು ಹೋಗಿ ಎಂದೆ. ಟೈಗರ್ ಎದ್ದು ನಿಂತು ಒಮ್ಮೆ ಬೊಗಳಿ ಸುಮ್ಮನಾಯಿತು. ಇದೇನು ಎಂದು ನನಗೂ ಆಶ್ಚರ್ಯ. ಅಷ್ಟರಲ್ಲಿ ಅವರು ಗೋಡೆಗೆ ಒರಗಿಸಿದ್ದ ದೋಟಿಯನ್ನು ಕೈಗೆತ್ತಿಕೊಂಡರು. ಅಡಿಕೆ ಕೊಯ್ಯುವ ಉದ್ದನೆಯ ದೋಟಿ. ಅಷ್ಟೇ. ಸರಪಳಿ ಬಿಗಿಯಾಗಿ ನಾಯಿಯ ಮುಂಗಾಲುಗಳು ನೆಲ ಬಿಟ್ಟವು. ಮರಿಯಾಗಿದ್ದಾಗ ಯಾರೋ ಅದಕ್ಕೆ ಕೋಲಿನಿಂದ ಬಾರಿಸಿದ್ದರು ಎಂದು ಮನೆಯ ಅಜ್ಜಿ ಆಮೇಲೆ ಹೇಳಿದರು. ಎರಡು ವರ್ಷ ಎಲ್ಲರೂ ಇದಕ್ಕೆ ಮನುಷ್ಯರನ್ನು ಕಂಡರಾಗುವುದಿಲ್ಲ ಎಂದುಕೊಂಡಿದ್ದರು. ಅದಕ್ಕೆ ಆಗದೆ ಇದ್ದದ್ದು ಕೋಲು.

ಭಯಕ್ಕೆ ಮದ್ದು ಹಳೆಯದೇ. ಅಮೆರಿಕದಲ್ಲಿ ಮೇರಿ ಕವರ್ ಜೋನ್ಸ್ ಎಂಬವರು 1924ರಲ್ಲಿ ಪ್ರಕಟಿಸಿದ ಒಂದು ಪ್ರಸಂಗವಿದೆ. ಮೊಲವನ್ನು ಕಂಡರೆ ಹೆದರುತ್ತಿದ್ದ ಪೀಟರ್ ಎಂಬ ಚಿಕ್ಕ ಹುಡುಗ. ಅವನು ಇಷ್ಟದ ತಿಂಡಿ ತಿನ್ನುವ ಹೊತ್ತಿಗೆ ಮೊಲವನ್ನು ಕೋಣೆಯಲ್ಲಿ ದೂರದಲ್ಲಿ ಇಟ್ಟು, ದಿನದಿಂದ ದಿನಕ್ಕೆ ಹತ್ತಿರ ತಂದರು. ಕೊನೆಗೆ ಹುಡುಗ ಮೊಲವನ್ನು ಮುಟ್ಟಿ ಆಡಿದ. ಟೈಗರನಿಗೆ ನಾವು ಮಾಡಿದ್ದೂ ಇಷ್ಟೇ. ಮೊದಲ ವಾರ ದೋಟಿ ಅಂಗಳದ ಮೂಲೆಯಲ್ಲಿ ಮಲಗಿತ್ತು. ಟೈಗರ್ ಅತ್ತ ನೋಡಿದಾಗಲೆಲ್ಲ ತುಪ್ಪ ಸವರಿದ ದೋಸೆಯ ಒಂದು ಚೂರು, ಕಿರುಬೆರಳ ಉಗುರಿನಷ್ಟು. ಸಸ್ಯಾಹಾರಿಗಳ ಮನೆ, ಆದ್ದರಿಂದ ದೋಸೆ. ಬೇರೆಯವರು ಉಪ್ಪು ಹಾಕದೆ ಬೇಯಿಸಿದ ಕೋಳಿಯ ಚೂರು ಕೊಡಬಹುದು. ಆಮೇಲೆ 40 ಹೆಜ್ಜೆ ದೂರದಲ್ಲಿ ಯಾರೋ ದೋಟಿಯನ್ನು ನೆಲದಿಂದ ಒಂದು ಗೇಣು ಎತ್ತುವುದು, ದೋಸೆ. ಇಳಿಸುವುದು, ದೋಸೆ ಬಂದ್.

ಇಲ್ಲಿ ಒಂದು ಸೂಕ್ಷ್ಮವಿದೆ. ದೋಟಿ ಮೊದಲು ಕಾಣಿಸಬೇಕು, ಆಮೇಲೆ ತಿಂಡಿ ಬರಬೇಕು. ತಿರುಗು ಮುರುಗು ಮಾಡಿ ಮೊದಲು ತಿಂಡಿ ತೋರಿಸಿದರೆ, ತಿಂಡಿ ಬಂತು ಎಂದರೆ ಇನ್ನೇನೋ ಕೆಟ್ಟದ್ದು ಬರಲಿದೆ ಎಂದು ನಾಯಿ ಕಲಿಯುತ್ತದೆ. ಆಮೇಲೆ ದೋಸೆಯನ್ನು ಕಂಡರೂ ಹೆದರುತ್ತದೆ. ಇನ್ನೊಂದು ವಿಷಯ ದೂರ. ನಾಯಿ ಬೊಗಳಲು ಶುರು ಮಾಡಿದರೆ, ತಿಂಡಿ ಕೊಟ್ಟರೂ ತಿನ್ನದಿದ್ದರೆ, ನೀವು ತೀರಾ ಹತ್ತಿರ ಬಂದಿದ್ದೀರಿ ಎಂದು ಅರ್ಥ. ಹಿಂದೆ ಹೋಗಿ. ಇದರಲ್ಲಿ ಸೋಲಿಲ್ಲ. ಟೈಗರನ ಮನೆಯವರು ಮೂರನೆಯ ವಾರದಲ್ಲಿ ಆತುರಪಟ್ಟು ಹತ್ತು ಹೆಜ್ಜೆಗೆ ಬಂದುಬಿಟ್ಟರು. ಹಿಂದಿನ ಎರಡು ವಾರದ ಕೆಲಸ ಒಂದು ಬೆಳಿಗ್ಗೆಯಲ್ಲಿ ಹೋಯಿತು, ಪುನಃ 40ರಿಂದ ಆರಂಭಿಸಬೇಕಾಯಿತು. ಐದು ತಿಂಗಳು ಬೇಕಾಯಿತು ಎಲ್ಲ ಸೇರಿ. ಈಗ ಕೊಯ್ಲಿನ ದಿನ ಟೈಗರ್ ತನ್ನ ಜಾಗದಲ್ಲಿ ಮಲಗಿ ದೋಟಿಯನ್ನು ನೋಡುತ್ತದೆ, ಆಮೇಲೆ ಮನೆಯ ಬಾಗಿಲನ್ನು ನೋಡುತ್ತದೆ, ದೋಸೆ ಎಲ್ಲಿ ಎಂದು. ಅಪರಿಚಿತರ ಕೈಗೆ ಅದು ಇಂದಿಗೂ ತಲೆ ಕೊಡುವುದಿಲ್ಲ. ಕೊಡಬೇಕೆಂದು ನಾನೂ ಅಪೇಕ್ಷಿಸುವುದಿಲ್ಲ.

ಸರಪಳಿಯನ್ನೂ ಬದಲಾಯಿಸಿದೆವು. ಎರಡು ಕಂಗುಗಳ, ಅಂದರೆ ಅಡಿಕೆ ಮರಗಳ, ನಡುವೆ ಗಟ್ಟಿ ತಂತಿ ಎಳೆದು, ಅದರಲ್ಲಿ ಜಾರುವ ಉಂಗುರಕ್ಕೆ ಹಗ್ಗ ಕಟ್ಟಿದರೆ ನಾಯಿಗೆ ಓಡಾಡಲು ಅಷ್ಟು ಉದ್ದ ಜಾಗ ಸಿಗುತ್ತದೆ. ಜೊತೆಗೆ ಬೆಳಿಗ್ಗೆ ಅರ್ಧ ಗಂಟೆ ತೋಟದಲ್ಲಿ ನಡೆದಾಟ. ಆ ನಡೆದಾಟದಲ್ಲಿ ಅದಕ್ಕೆ ಮೂಸಲು ಬಿಡಿ, ಎಳೆಯಬೇಡಿ. ನಾವು ಬೆಳಿಗ್ಗೆ ಪತ್ರಿಕೆ ಓದುವ ಹಾಗೆ ಅದು ಊರಿನ ಸುದ್ದಿಯನ್ನು ಮೂಗಿನಿಂದ ಓದುತ್ತದೆ. ಇದೆಲ್ಲ ನನ್ನ ಇಷ್ಟದ ಮಾತು ಎಂದುಕೊಳ್ಳಬೇಡಿ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯಲು 1960ರಲ್ಲಿ ಬಂದ ಕಾಯ್ದೆಯ 11ನೆಯ ಸೆಕ್ಷನ್ ಓದಿ. ಪ್ರಾಣಿಯನ್ನು ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಹೊತ್ತುಗೊತ್ತಿಲ್ಲದೆ ಕಟ್ಟಿಹಾಕುವುದು ಅಪರಾಧ. ಸದಾ ಕಟ್ಟಿಯೇ ಇರುವ ನಾಯಿಯನ್ನು ಅಡ್ಡಾಡಿಸದೆ ಇರುವುದೂ ಅಪರಾಧ ಎಂದು ಅಲ್ಲಿ ನಾಯಿಯ ಹೆಸರೆತ್ತಿಯೇ ಹೇಳಿದ್ದಾರೆ.

ಮರಿ ತರುವವರಿಗೆ ಒಂದು ಮಾತು. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ಇಬ್ಬರು ವರ್ಷಗಟ್ಟಲೆ ಮರಿಗಳನ್ನು ಬೆಳೆಸಿ ನೋಡಿ 1965ರಲ್ಲಿ ಬರೆದದ್ದು ಇಂದಿಗೂ ನಿಂತಿದೆ. ಮೂರು ವಾರದಿಂದ ಸುಮಾರು ಹನ್ನೆರಡು ವಾರದವರೆಗೆ ಮರಿಯ ಮನಸ್ಸು ತೆರೆದಿರುತ್ತದೆ. ಆ ಅವಧಿಯಲ್ಲಿ ಒಳ್ಳೆಯ ರೀತಿಯಲ್ಲಿ ಕಂಡದ್ದೆಲ್ಲ ಅದಕ್ಕೆ ಲೋಕದ ಸಹಜ ಸಂಗತಿ. ನಾವು ಮಾಡುವುದೇನು? ಮರಿಯನ್ನು ತಂದು ಹಟ್ಟಿಯ ಹಿಂದೆ ಕಟ್ಟುತ್ತೇವೆ. ಮೂರು ಜನರ ಮುಖವನ್ನಷ್ಟೇ ಕಂಡು ಅದು ಬೆಳೆಯುತ್ತದೆ. ಲಸಿಕೆ ಮುಗಿಯುವ ಮುನ್ನ ಬೀದಿಯಲ್ಲಿ ಬಿಡಬಾರದು, ನಿಜ. ಆದರೆ ಎತ್ತಿಕೊಂಡು ಹೋಗಿ ಬಸ್ಸು, ಕೊಡೆ, ಹೆಲ್ಮೆಟ್, ಗಡ್ಡ, ಮಕ್ಕಳ ಗಲಾಟೆ, ಚೆಂಡೆಯ ಸದ್ದು ಎಲ್ಲವನ್ನೂ ದೂರದಿಂದ ತೋರಿಸಬಹುದು.

ನಮ್ಮ ಜಿಲ್ಲೆಗೇ ವಿಶೇಷವಾದ ಒಂದು ತೊಂದರೆ ಇದೆ. ಸಪ್ತಭಾಷಾ ಸಂಗಮ ಭೂಮಿ ಎಂದು ನಾವು ಹೆಮ್ಮೆಪಡುತ್ತೇವೆ. ನಾಯಿಯ ಪಾಡು ಯೋಚಿಸಿ. ಮನೆಯ ಅಮ್ಮ ಕನ್ನಡದಲ್ಲಿ "ಕೂತುಕೋ" ಎನ್ನುತ್ತಾರೆ. ತೋಟದ ಕೆಲಸದವರು ತುಳುವಿನಲ್ಲಿ "ಕುಳ್ಳು" ಎನ್ನುತ್ತಾರೆ. ಪಕ್ಕದ ಮನೆಯ ಹುಡುಗ ಮಲಯಾಳದಲ್ಲಿ "ಇರಿ" ಎನ್ನುತ್ತಾನೆ, ಮೂರಕ್ಕೂ ಅರ್ಥ ಕುಳಿತುಕೊಳ್ಳು ಎಂದೇ. ನಾಯಿಯ ಮನೆಯ ಮಗ ಕನ್ನಡದಲ್ಲಿ "ಅಲ್ಲೇ ಇರು" ಎಂದರೆ ನಿಂತಲ್ಲೇ ನಿಲ್ಲು ಎಂದರ್ಥ. ಕುಳಿತರೂ ಬೈಗುಳ, ನಿಂತರೂ ಬೈಗುಳ. ನಾಯಿಗೆ ಭಾಷೆ ಯಾವುದಾದರೂ ಆದೀತು, ಒಂದು ಕೆಲಸಕ್ಕೆ ಒಂದೇ ಶಬ್ದವಿರಬೇಕು. ಮನೆಯವರೆಲ್ಲ ಕುಳಿತು ನಾಲ್ಕೈದು ಶಬ್ದಗಳನ್ನು ನಿಶ್ಚಯಿಸಿ ಅಡುಗೆಮನೆಯ ಬಾಗಿಲಿಗೆ ಬರೆದು ಅಂಟಿಸಿ. ಪ್ರತಿ ಶಬ್ದಕ್ಕೂ ಒಂದು ಕೈ ಸನ್ನೆ ಸೇರಿಸಿದರೆ ಇನ್ನೂ ಒಳ್ಳೆಯದು, ನಾಯಿ ಮಾತಿಗಿಂತ ಕೈಯನ್ನು ಬೇಗ ಓದುತ್ತದೆ. "ಬಾ" ಎಂಬ ಶಬ್ದವನ್ನಂತೂ ಜೋಪಾನ ಮಾಡಿ. ಕರೆದಾಗಲೆಲ್ಲ ಕಟ್ಟಿಹಾಕಿದರೆ, ಸ್ನಾನ ಮಾಡಿಸಿದರೆ, ಬೈದರೆ, ಯಾವ ನಾಯಿ ತಾನೇ ಬಂದೀತು?

ಇನ್ನು ಪ್ರಶ್ನೆಗಳು.

ನಿವೃತ್ತ ಮಾಸ್ತರರೊಬ್ಬರು ಕೇಳಿದರು: ರಾತ್ರಿಯಿಡೀ ಬೊಗಳುತ್ತದೆ, ಎಷ್ಟು ಗದರಿಸಿದರೂ ನಿಲ್ಲಿಸುವುದಿಲ್ಲ. ಮಾಸ್ತರರೇ, ಒಳಗಿನಿಂದ ನೀವು ಕೂಗಿದರೆ ನೀವೂ ಜೊತೆಗೂಡಿ ಬೊಗಳುತ್ತಿದ್ದೀರಿ ಎಂದು ಅದಕ್ಕೆ ತೋರಬಹುದು. ತೋಟಕ್ಕೆ ಕಾಡುಹಂದಿ, ಮುಳ್ಳುಹಂದಿ ಬರುತ್ತಿದ್ದರೆ ಅದು ತನ್ನ ಕೆಲಸ ಮಾಡುತ್ತಿದೆ. ಹಗಲು ಕಟ್ಟಿ ಹಾಕಿದ ನಾಯಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಹಗಲು ನಡೆದಾಡಿಸಿ, ರಾತ್ರಿ ಜಗಲಿಯ ಒಳಗೆ ಅಥವಾ ಭದ್ರವಾದ ಗೂಡಿನಲ್ಲಿ ಮಲಗಿಸಿ. ಚಿರತೆಯ ಸುದ್ದಿ ಇರುವ ಕಡೆಗಳಲ್ಲಿ ಹೊರಗೆ ಕಟ್ಟಿದ ನಾಯಿ ಓಡಿಹೋಗಲೂ ಆಗದೆ ಸಾಯುತ್ತದೆ.

ಸಂತಾನಹರಣ ಮಾಡಿಸಿದರೆ ಶಾಂತವಾಗುತ್ತದೆಯೇ ಎಂದು ಒಬ್ಬರು. ಅಲೆದಾಟ, ಹೆಣ್ಣಿಗಾಗಿ ಜಗಳ ಕಡಿಮೆಯಾಗುತ್ತವೆ. ಭಯದಿಂದ ಕಚ್ಚುವ ನಾಯಿಯ ಭಯ ಅದರಿಂದ ಹೋಗುವುದಿಲ್ಲ. ಮಾಡಿಸಿ, ಆದರೆ ಅದರ ಮೇಲೆಯೇ ಭಾರ ಹಾಕಬೇಡಿ.

ಕುಂಬಳೆಯಿಂದ ಬಂದ ಅಕ್ಕನೊಬ್ಬರ ಪ್ರಶ್ನೆ ಬೆಡಿಯ, ಅಂದರೆ ಜಾತ್ರೆಯ ಸಿಡಿಮದ್ದಿನ, ಬಗ್ಗೆ. ಜನವರಿಯಲ್ಲಿ ಕುಂಬಳೆ ಬೆಡಿ ನೋಡಲು ಊರೂರಿನಿಂದ ಜನ ಸೇರುವ ರಾತ್ರಿ ಅವರ ನಾಯಿ ಸ್ನಾನದ ಕೋಣೆಯಲ್ಲಿ ಹೊಕ್ಕು ಬೆಳಗಿನವರೆಗೆ ನಡುಗುತ್ತದಂತೆ. ನಮ್ಮ ಕಿವಿಗೆ 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿದರೆ ನಾಯಿಗೆ ಅದರ ಎರಡು ಪಟ್ಟಿಗೂ ಮೇಲೆ ಕೇಳಿಸುತ್ತದೆ. ಅಕ್ಕಾ, ಅದು ಆರಿಸಿಕೊಂಡ ಜಾಗ ಸರಿಯಾಗಿಯೇ ಇದೆ. ಅಲ್ಲಿಂದ ಎಳೆದು ಹೊರಗೆ ತರಬೇಡಿ. ಹಳೆಯ ಕಂಬಳಿ ಹಾಸಿ, ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ, ಫ್ಯಾನ್ ಹಾಕಿ, ಸಂಜೆಯೇ ಹೊರಗೆ ಕರೆದೊಯ್ದು ಬನ್ನಿ. ಸಮಾಧಾನ ಮಾಡಿದರೆ ಭಯ ಹೆಚ್ಚಾಗುತ್ತದೆ ಎಂದು ಯಾರೋ ಹೇಳಿದ್ದಾರಂತೆ, ಹಾಗಿಲ್ಲ. ಪಕ್ಕದಲ್ಲಿ ಕುಳಿತು ಬೆನ್ನಿನ ಮೇಲೆ ಕೈ ಇಡಿ. ಅದು ಬಂದು ಒರಗಿದರೆ ಒರಗಲಿ. ತುಲಾ ತಿಂಗಳ ಸಂಜೆಯ ಗುಡುಗು, ಅದರ ಬೆನ್ನಿಗೆ ದೀಪಾವಳಿಯ ಪಟಾಕಿ, ಆಮೇಲೆ ಜಾತ್ರೆಗಳ ಗರ್ನಾಲು, ಹೀಗೆ ನಮ್ಮಲ್ಲಿ ಒಂದರ ಮೇಲೊಂದು ಬರುವುದರಿಂದ ತಯಾರಿ ಮಳೆಗಾಲದಲ್ಲೇ ಶುರುವಾಗಬೇಕು. ಬೆಡಿಯ ಸದ್ದನ್ನು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿಕೊಂಡು, ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕಿ, ಕೂಡಲೇ ತಿಂಡಿ ಕೊಡಿ. ವಾರಗಟ್ಟಲೆ ನಿಧಾನವಾಗಿ ದೊಡ್ಡದು ಮಾಡಿ. ತೀರಾ ಹೆದರುವ ನಾಯಿಗೆ ಮದ್ದೂ ಇದೆ, ಆದರೆ ವೈದ್ಯರನ್ನು ಕೇಳದೆ ಕೊಡಬೇಡಿ. ಕೆಲವು ಮದ್ದುಗಳು ಮೈಯನ್ನು ಮಾತ್ರ ಕಟ್ಟಿಹಾಕುತ್ತವೆ. ಒಳಗೆ ಭಯ ಹಾಗೆಯೇ ಕುದಿಯುತ್ತಿರುತ್ತದೆ. ಹೊರಗಿನಿಂದ ನೋಡುವವರಿಗೆ ನಾಯಿ ಶಾಂತವಾಗಿದೆ ಎಂದು ಕಾಣುತ್ತದೆ. ನನ್ನ ಬೊಳ್ಳು ಕಂಡ ಹಾಗೆ.

ಕೊನೆಯಲ್ಲಿ ಹಿಂದಿನ ಸಾಲಿನಿಂದ ಎದ್ದ ಹಿರಿಯರೊಬ್ಬರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಮ್ಮದಕ್ಕೆ ಒಂಬತ್ತು ವರ್ಷವಾಯಿತು. ಅಷ್ಟೂ ವರ್ಷ ಕಟ್ಟಿಯೇ ಇದ್ದದ್ದು. ಅನ್ನ ಹಾಕುವಾಗಲೂ ಕೋಲಿನಿಂದ ತಟ್ಟೆ ತಳ್ಳುತ್ತೇನೆ. ಇನ್ನು ಏನಾದರೂ ಆದೀತೇ?" ಎಂದರು.

ಆಗುತ್ತದೆ ಎಂದೆ. ಎಷ್ಟು ಆಗುತ್ತದೆ ಎಂದು ಈಗಲೇ ಹೇಳಲಾರೆ, ನಾಯಿಯನ್ನು ನೋಡಬೇಕು. ನಾಳೆಯಿಂದ ಕೋಲನ್ನು ಮನೆಯೊಳಗೆ ಇಟ್ಟುಬಿಡಿ, ತಟ್ಟೆಯನ್ನು ವೃತ್ತದ ಅಂಚಿನಲ್ಲಿ ಇಟ್ಟು ಹಿಂದೆ ಸರಿಯಿರಿ, ಅದು ತಿನ್ನುವಾಗ ದೂರದಿಂದಲೇ ಇನ್ನೊಂದು ಒಳ್ಳೆಯ ಚೂರನ್ನು ಎಸೆದು ಹೋಗಿ. ನೀವು ಬಂದರೆ ಊಟ ಹೆಚ್ಚಾಗುತ್ತದೆ ಎಂದು ಅದು ತಿಳಿಯಲಿ ಎಂದೆ. ಅವರು ಜೇಬಿನಿಂದ ಚೀಟಿ ತೆಗೆದು ಬರೆದುಕೊಂಡರು. ಆದಿತ್ಯವಾರ ಬೆಳಿಗ್ಗೆ ಒಂಬತ್ತಕ್ಕೆ ಅವರ ಮನೆಗೆ ಹೋಗುತ್ತಿದ್ದೇನೆ. ತಂತಿ ಮತ್ತು ಉಂಗುರ ಅವರು ತಂದಿಡುತ್ತಾರೆ, ದೋಸೆ ನಾನು ಒಯ್ಯುತ್ತೇನೆ.